ಮಿದುಳಿನ ಉಬ್ಬು, ಗಡ್ಡೆ: ಒಂದು ಕೇಸ್ ರಿಪೋರ್ಟನ್ನು ಎಷ್ಟು ನಂಬಬೇಕು?

ಪ್ರಶ್ನೆ: ತಲೆನೋವಿಗೆಂದು ಎಂಆರ್ ಆಂಜಿಯೋಗ್ರಾಂ (ರಕ್ತನಾಳಗಳ ಎಂಆರ್‌ಐ) ಮಾಡಿಸಿದಾಗ ಮಿದುಳಿಗೆ ರಕ್ತ ಒಯ್ಯುವ ಮಿಡಲ್ ಸೆರೆಬ್ರಲ್ ಅಪಧಮನಿಯಲ್ಲಿ 4 ಮಿ.ಮೀ. ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆಯ ಉಬ್ಬು, ಕಂಡಿತು. ‘ಸದ್ಯಕ್ಕೆ ನೋಡುತ್ತಿರೋಣ’ ಎಂದರು ವೈದ್ಯರು. ಆದರೆ 3 ಮಿ.ಮೀ. ಉಬ್ಬು ಒಡೆದು ರೋಗಿ ತೀರಿಕೊಂಡ ಕೇಸ್ ರಿಪೋರ್ಟ್ ಒಂದನ್ನು ಮಗ ತೋರಿಸಿದ್ದಾನೆ. ಕಾಯುವುದು ಸರಿಯೇ? ವಯಸ್ಸು 52, ಬಿ.ಪಿ. ಇದೆ.

ಉತ್ತರ: ಆ ವರದಿ ಸುಳ್ಳಲ್ಲ; ಸಣ್ಣ ಉಬ್ಬುಗಳೂ ಒಡೆಯುತ್ತವೆ. ಆದರೆ ಅಂಥ ಎಷ್ಟು ಉಬ್ಬುಗಳಲ್ಲಿ ಒಂದು ಒಡೆಯಿತು ಎಂಬುದನ್ನು ಒಬ್ಬ ರೋಗಿಯ ವರದಿ ಹೇಳಲಾರದು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಅನ್ಯೂರಿಸಂ ಇರುತ್ತದೆ, ಬಹುತೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಒಡೆಯದೆ ಉಳಿದದ್ದರ ಬಗ್ಗೆ ಯಾರೂ ಕೇಸ್ ರಿಪೋರ್ಟ್ ಬರೆಯುವುದಿಲ್ಲ.

ಲೆಕ್ಕ ಬೇಕಿದ್ದರೆ ಒಡೆಯದ ಉಬ್ಬುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ನೋಡಬೇಕು. 2012ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 5,720 ರೋಗಿಗಳಿದ್ದರು. ಅದರಲ್ಲಿ 3–4 ಮಿ.ಮೀ. ಉಬ್ಬು ಒಡೆದದ್ದು ವರ್ಷಕ್ಕೆ ಶೇ 0.36, ಅಂದರೆ ಸಾವಿರಕ್ಕೆ ಮೂರೋ ನಾಲ್ಕೋ. 7–9 ಮಿ.ಮೀ. ಉಬ್ಬಿಗೆ ಅದು ಶೇ 1.69, 25 ಮಿ.ಮೀ. ದಾಟಿದರೆ ಶೇ 33. ಗಾತ್ರದಷ್ಟೇ ಜಾಗವೂ ಮುಖ್ಯ: ಆಂಟೀರಿಯರ್ ಮತ್ತು ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಅಪಧಮನಿಗಳಲ್ಲಿ ಅಪಾಯ ಹೆಚ್ಚು, ನಿಮ್ಮ ಉಬ್ಬು ಇರುವಲ್ಲಿ ಕಡಿಮೆ. ಉಬ್ಬಿನ ಮೇಲೆ ಇನ್ನೊಂದು ಚಿಕ್ಕ ಮೊಳಕೆ ಇದ್ದರೆ ಲೆಕ್ಕ ಬದಲಾಗುತ್ತದೆ. ‘ಅಂಚು ನಯವಾಗಿದೆಯೇ, ಮೊಳಕೆ ಇದೆಯೇ’ ಎಂದು ರೇಡಿಯಾಲಜಿಸ್ಟರನ್ನು ಕೇಳಿ.

ಇನ್ನೊಂದು ಕಡೆಯ ಅಪಾಯವನ್ನೂ ತೂಗಬೇಕು. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡೆಯದ ಉಬ್ಬಿಗೆ ರಕ್ತನಾಳದೊಳಗಿಂದ ಕಾಯ್ಲಿಂಗ್‌ನಂಥ (ಉಬ್ಬಿನೊಳಗೆ ತಂತಿಯ ಸುರುಳಿ ತುಂಬುವ) ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು ಐವರಿಗೆ, ತಲೆ ತೆರೆದು ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು ಎಂಟು ಮಂದಿಗೆ ತೊಡಕುಗಳಾಗಿದ್ದವು. ಹೀಗಾಗಿ 4 ಮಿ.ಮೀ. ಉಬ್ಬಿಗೆ ಕಾಯುವುದು ಅಲಕ್ಷ್ಯವಲ್ಲ, ಅದೂ ಚಿಕಿತ್ಸೆಯ ನಿರ್ಧಾರವೇ. ಒಡಹುಟ್ಟಿದವರಲ್ಲೋ ತಂದೆತಾಯಿಯಲ್ಲೋ ಇಬ್ಬರಿಗೆ ಅನ್ಯೂರಿಸಂ ಆಗಿದ್ದರೆ, ನಿಮಗೇ ಹಿಂದೊಮ್ಮೆ ಬೇರೊಂದು ಉಬ್ಬು ಒಡೆದಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಆಗ ತಕ್ಕಡಿ ಚಿಕಿತ್ಸೆಯತ್ತ ವಾಲಬಹುದು.

ಕಾಯುವಾಗ ಮಾಡಬೇಕಾದದ್ದು: 6ರಿಂದ 12 ತಿಂಗಳಲ್ಲಿ ಮತ್ತೆ ಎಂಆರ್ ಆಂಜಿಯೋಗ್ರಾಂ, ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ. ಯಂತ್ರ ಬದಲಾದರೆ, ಅಳೆಯುವವರು ಬದಲಾದರೆ ಅರ್ಧ-ಒಂದು ಮಿ.ಮೀ. ಏರುಪೇರು ಸಹಜ, ‘4 ಇದ್ದದ್ದು 4.6 ಆಯಿತು’ ಎಂದು ಹೆದರಿದವರಲ್ಲಿ ಎಷ್ಟೋ ಜನರಿಗೆ ಉಬ್ಬು ಬೆಳೆದೇ ಇರುವುದಿಲ್ಲ. ಹಳೆಯ ಸಿ.ಡಿ.ಯನ್ನು ಜೊತೆಗೆ ಒಯ್ಯಿರಿ, ಬರೀ ವರದಿ ಸಾಲದು. ಬಿ.ಪಿ. ಹತೋಟಿಯಲ್ಲಿರಲಿ, ಸಿಗರೇಟು ಇದ್ದರೆ ಬಿಡಿ. ಕ್ಷಣದಲ್ಲೇ ತಾರಕಕ್ಕೇರುವ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಮೊದಲ 6 ಗಂಟೆಗಳೊಳಗೆ ಮಾಡಿದ ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನು ಬಹುಪಾಲು ತಪ್ಪದೆ ಹಿಡಿಯುತ್ತದೆ. ತಡವಾದಷ್ಟೂ ತಪ್ಪಿಹೋಗುವ ಸಾಧ್ಯತೆ ಹೆಚ್ಚು, ಆಗ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ.

ಪ್ರಶ್ನೆ: ತಂದೆಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಯಿತು, 30 ಸಿಟಿಂಗ್ ರೇಡಿಯೇಷನ್ ಮತ್ತು ಅದರ ಜೊತೆಗಿನ ಟೆಮೊಜೊಲೊಮೈಡ್ (ಕೀಮೋ ಔಷಧಿ) ಮುಗಿದು ಐದು ವಾರವಾಗಿದೆ. ಈಗಿನ ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾಗಿದೆ ಎನ್ನುತ್ತಾರೆ. ಔಷಧಿ ಕೆಲಸ ಮಾಡಲಿಲ್ಲವೇ? ಹೀಗೆ ಬೆಳೆದ ಗಡ್ಡೆ ತಾನಾಗಿಯೇ ಕರಗಿತೆಂಬ ವರದಿಯನ್ನೂ ಓದಿದೆ.

ಉತ್ತರ: ಈ ಎರಡೂ ಸಂಗತಿಗಳಿಗೆ ಒಂದೇ ಉತ್ತರ ಇರಬಹುದು. ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುವುದು ಗಡ್ಡೆಯೇ ಆಗಬೇಕಿಲ್ಲ. ಹಾನಿಗೊಂಡ ರಕ್ತನಾಳದ ಗೋಡೆಯಿಂದ ಕಾಂಟ್ರಾಸ್ಟ್ (ಸ್ಕ್ಯಾನಿಗೆಂದು ಚುಚ್ಚುವ ದ್ರವ) ಸೋರಿದಲ್ಲೆಲ್ಲ ಹೊಳಪು ಬರುತ್ತದೆ, ರೇಡಿಯೇಷನ್ ಕೂಡ ಆ ಗೋಡೆಗೆ ಹಾನಿ ಮಾಡುತ್ತದೆ. ರೇಡಿಯೇಷನ್ ನಂತರದ ಮೊದಲ 12 ವಾರಗಳಲ್ಲಿ ಈ ಹುಸಿ ಬೆಳವಣಿಗೆ ಎಷ್ಟು ಸಾಮಾನ್ಯವೆಂದರೆ, ಕಿರಣ ಬಿದ್ದ ಜಾಗದ ಆಚೆ ಹೊಸ ಗಡ್ಡೆ ಕಾಣದೆ ಅಥವಾ ಬಯಾಪ್ಸಿಯಲ್ಲಿ ಸಾಬೀತಾಗದೆ ‘ರೋಗ ಮರುಕಳಿಸಿದೆ’ ಎನ್ನಬಾರದೆಂದು 2010ರ ವೈದ್ಯರ ಮಾನದಂಡವೇ ಹೇಳಿತ್ತು. ಗಡ್ಡೆಯಲ್ಲಿ ಎಂಜಿಎಂಟಿ ಮಿಥೈಲೇಷನ್ (ಎಂಜಿಎಂಟಿ ಎಂಬ ಜೀನಿನಲ್ಲಿ ಆಗುವ ಒಂದು ರಾಸಾಯನಿಕ ಬದಲಾವಣೆ) ಇದ್ದವರಲ್ಲಿ ಈ ಹುಸಿ ಬೆಳವಣಿಗೆ ಇನ್ನೂ ಹೆಚ್ಚು. ಪೆಥಾಲಜಿ ವರದಿಯಲ್ಲಿ ಆ ಸಾಲನ್ನು ಹುಡುಕಿ.

ತಂದೆಯವರ ಸ್ಥಿತಿ ಕೆಟ್ಟಿರದಿದ್ದರೆ ಸಾಮಾನ್ಯವಾಗಿ ಟೆಮೊಜೊಲೊಮೈಡ್ ಮುಂದುವರಿಸಿ, 4ರಿಂದ 8 ವಾರ ಬಿಟ್ಟು ಮತ್ತೆ ಎಂಆರ್‌ಐ ಮಾಡುತ್ತಾರೆ. ರಕ್ತದ ಹರಿವನ್ನು ತೋರಿಸುವ ಪರ್ಫ್ಯೂಷನ್ ಚಿತ್ರವೂ ಸೇರಿದ್ದರೆ ಒಳ್ಳೆಯದು: ಅಲ್ಲಿ ರಕ್ತದ ಪ್ರಮಾಣ ಕಡಿಮೆ ಕಂಡರೆ ಅದು ಚಿಕಿತ್ಸೆಯ ಪರಿಣಾಮ ಎಂಬ ಕಡೆಗೆ, ಹೆಚ್ಚಿದ್ದರೆ ಗಡ್ಡೆಯ ಕಡೆಗೆ ಸಂಶಯ ವಾಲುತ್ತದೆ. ಎರಡೂ ಬೆರೆತಿರುವುದೂ ಉಂಟು. ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಪ್ರತಿ ಸ್ಕ್ಯಾನಿನ ದಿನ ಡೆಕ್ಸಾಮೆಥಾಸೋನ್ (ಊತ ಇಳಿಸುವ ಸ್ಟೀರಾಯ್ಡ್) ಎಷ್ಟು ಮಿ.ಗ್ರಾಂ. ನಡೆಯುತ್ತಿತ್ತೆಂದು ಬರೆದಿಡುವುದು. ಸ್ಟೀರಾಯ್ಡ್ ಹೆಚ್ಚಿಸಿದರೆ ಹೊಳಪು ತಗ್ಗುತ್ತದೆ, ಇಳಿಸಿದರೆ ಏರಬಹುದು; ಡೋಸ್ ಗೊತ್ತಿಲ್ಲದೆ ಎರಡು ಚಿತ್ರಗಳನ್ನು ಹೋಲಿಸುವುದು ಕತ್ತಲಲ್ಲಿ ತಡಕಾಡಿದಂತೆ. ಸ್ಟೀರಾಯ್ಡನ್ನು ನೀವಾಗಿ ಏಕಾಏಕಿ ನಿಲ್ಲಿಸಲೂ ಬಾರದು. ವಾರಗಟ್ಟಲೆ ತೆಗೆದುಕೊಂಡವರಲ್ಲಿ ಅಡ್ರಿನಲ್ ಗ್ರಂಥಿ ಸುಸ್ತಾಗಿರುತ್ತದೆ, ರಕ್ತದೊತ್ತಡ ಕುಸಿಯಬಹುದು.

ಇನ್ನು ‘ತಾನಾಗಿ ಕರಗಿದ’ ವರದಿ. ರೇಡಿಯೇಷನ್ ಮುಗಿದು ಎಷ್ಟು ವಾರಕ್ಕೆ ಸ್ಕ್ಯಾನ್ ಮಾಡಿದರು, ಸ್ಟೀರಾಯ್ಡ್ ಎಷ್ಟಿತ್ತು, ಬೆಳೆದ ಭಾಗದ ಬಯಾಪ್ಸಿ ಆಗಿತ್ತೇ, ಇಷ್ಟು ನೋಡಿ. ಬಯಾಪ್ಸಿ ಇಲ್ಲದಿದ್ದರೆ ಅಲ್ಲಿ ಕರಗಿದ್ದು ಹುಸಿ ಬೆಳವಣಿಗೆಯೇ ಇರಬಹುದು.

ಪ್ರಶ್ನೆ: ಎಂಆರ್‌ಐ ವರದಿಯಲ್ಲಿ ‘ಡೆವಲಪ್‌ಮೆಂಟಲ್ ವೀನಸ್ ಅನಾಮಲಿ’ ಎಂದಿದೆ. ತೆಗೆಸಬೇಕೇ?

ಉತ್ತರ: ಬೇಡ. ಅದು ಹುಟ್ಟಿನಿಂದ ಬಂದ ಅಭಿಧಮನಿಯ ಬೇರೊಂದು ವಿನ್ಯಾಸ ಅಷ್ಟೇ, ಸುತ್ತಲಿನ ಆರೋಗ್ಯವಂತ ಮಿದುಳಿನ ರಕ್ತ ಅದರಲ್ಲೇ ಹರಿದುಹೋಗುತ್ತದೆ. ಪಕ್ಕದಲ್ಲಿ ಕ್ಯಾವರ್ನೋಮಾ (ಸಣ್ಣ ರಕ್ತನಾಳಗಳ ಅಸಹಜ ಗೊಂಚಲು) ಇದ್ದು ಅದನ್ನು ತೆಗೆಯಬೇಕಾಗಿ ಬಂದರೂ ಶಸ್ತ್ರವೈದ್ಯರು ಈ ಅಭಿಧಮನಿಯನ್ನು ಮುಟ್ಟದೆ ಉಳಿಸುತ್ತಾರೆ. ಮುಚ್ಚಿದರೆ ಆ ಭಾಗದಲ್ಲಿ ರಕ್ತ ಕಟ್ಟಿಕೊಂಡು ಮಿದುಳು ಊದಿಕೊಳ್ಳಬಹುದು, ರಕ್ತಸ್ರಾವವೂ ಆಗಬಹುದು.