ಅಜಂತಾ ಕಟ್ಟಿಸಿದವರಿಗೂ ನಮಗೂ ಏನು ನಂಟು?

ಪ್ರಶ್ನೆ: ಸರ್ ನಮಸ್ಕಾರ, ದಸರಾ ರಜೆಗೆ ಮನೆಯವರೆಲ್ಲ ಅಜಂತಾಗೆ ಹೋಗಿದ್ವಿ. ಗೈಡ್ ಮಾತುಮಾತಿಗೆ ವಾಕಾಟಕರು ಅಂತಿದ್ರು, ನಾವು ಸ್ಕೂಲಲ್ಲಿ ಗುಪ್ತರನ್ನ ಓದಿದ್ದಷ್ಟೇ. ಇವರು ಯಾರು, ನಮ್ಮ ಕರ್ನಾಟಕಕ್ಕೂ ಇವರಿಗೂ ಏನಾದ್ರೂ ಸಂಬಂಧ ಇತ್ತಾ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಇತ್ತು ಕಣ್ರೀ, ಅದೂ ಬೀಗತನದ ಸಂಬಂಧ! ವಿಂಧ್ಯಶಕ್ತಿ ಅನ್ನೋನು ಸುಮಾರು ಕ್ರಿ.ಶ. 250ರಲ್ಲಿ ಶುರು ಮಾಡಿದ ಮನೆತನ ಇದು, ಅವನ ಮಗ ಒಂದನೇ ಪ್ರವರಸೇನ 4 ಅಶ್ವಮೇಧ ಮಾಡಿ ಸಾಮ್ರಾಟ್ ಅನ್ನಿಸಿಕೊಂಡ. ಆಮೇಲೆ ಮನೆ ಎರಡಾಯ್ತು, ಒಂದು ಕವಲು ನಾಗಪುರದ ಹತ್ರ ನಂದಿವರ್ಧನದಲ್ಲಿ, ಇನ್ನೊಂದು ವತ್ಸಗುಲ್ಮದಲ್ಲಿ ಅಂದ್ರೆ ಈಗಿನ ವಾಶಿಮ್. ನೀವು ನೋಡಿದ ಅಜಂತಾದಲ್ಲಿ ಕೆಲವು ಗುಹೆ ಇನ್ನೂ ಹಳೇವು, ಬಹಳಷ್ಟು ವತ್ಸಗುಲ್ಮದವರ ಕಾಲದ್ದು, 16ನೇ ಗುಹೆ ಮಾಡಿಸಿದ್ದು ರಾಜ ಹರಿಷೇಣನ ಮಂತ್ರಿ ವರಾಹದೇವ, ಅಲ್ಲೇ ಗೋಡೆ ಮೇಲೆ ವಿಂಧ್ಯಶಕ್ತಿಯಿಂದ ಹಿಡಿದು ವಂಶಾವಳಿ ಕೆತ್ತಿಸಿದಾನೆ.

ನನಗೆ ಮಾತ್ರ ಇವರಲ್ಲಿ ತುಂಬಾ ಹಿಡಿಸೋದು ನಂದಿವರ್ಧನದ ಪ್ರಭಾವತಿಗುಪ್ತ. ಎರಡನೇ ಚಂದ್ರಗುಪ್ತನ ಮಗಳು, ಗಂಡ ಎರಡನೇ ರುದ್ರಸೇನ ಬೇಗ ತೀರ್ಕೊಂಡ, ಮಕ್ಕಳು ಚಿಕ್ಕವರು, ರಾಜ್ಯಭಾರ ತಾನೇ ಹೊತ್ತಳು. ಪುಣೆಯಲ್ಲಿ ಸಿಕ್ಕ ಅವಳ ತಾಮ್ರಶಾಸನ ಶುರುವಾಗೋದೇ ತವರಿನ ಗುಪ್ತರ ವಂಶಾವಳಿಯಿಂದ, ಗೋತ್ರವೂ ಅಪ್ಪಂದೇ, ಧಾರಣ ಗೋತ್ರ, ಮದುವೆ ಆಗಿ ಬಂದ ಮನೆಯ ಸಿಂಹಾಸನ ನಡೆಸ್ತಾ ತವರಿನ ಹೆಸರನ್ನ ಎದೆ ಮೇಲೆ ಇಟ್ಕೊಂಡವಳು. ಅವಳ ಮಗ ಎರಡನೇ ಪ್ರವರಸೇನ ಪ್ರಾಕೃತದಲ್ಲಿ ‘ಸೇತುಬಂಧ’ ಕಾವ್ಯ ಬರೆದೋನು.

ಈಗ ನಮ್ಮ ನಂಟಿಗೆ ಬರ್ತೀನಿ. ಆ ಪ್ರವರಸೇನನ ಮಗ ನರೇಂದ್ರಸೇನನ ಹೆಂಡತಿ ಅಜ್ಝಿತಭಟ್ಟಾರಿಕೆ, ಬಾಲಾಘಾಟ್ ತಾಮ್ರಶಾಸನದಲ್ಲಿ ಅವಳನ್ನ ಕುಂತಲದ ಒಡೆಯನ ಮಗಳು ಅಂದಿದೆ. ಕುಂತಲ ಅಂದ್ರೆ ನಮ್ಮ ಬನವಾಸಿ ಸೀಮೆ, ಹಾಗಾಗಿ ಆ ಒಡೆಯ ಕದಂಬರ ಕಾಕುಸ್ಥವರ್ಮನೇ ಅಂತ ಹಲವು ವಿದ್ವಾಂಸರು ಹೇಳ್ತಾರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಕಂಬದ ಶಾಸನದಲ್ಲೂ ಕಾಕುಸ್ಥವರ್ಮ ಗುಪ್ತರಿಗೂ ಬೇರೆ ರಾಜರಿಗೂ ಹೆಣ್ಣು ಕೊಟ್ಟ ಅಂತ ಇದೆ. ಇನ್ನೊಂದು ಮಾತು, ಆ ಕಂಬದ ಅಕ್ಷರಗಳನ್ನ ಹತ್ರ ಹೋಗಿ ನೋಡಿ, ಪ್ರತಿ ಅಕ್ಷರದ ತಲೆ ಮೇಲೂ ಪುಟಾಣಿ ಚೌಕ ಇರುತ್ತೆ, ಪೆಟ್ಟಿಗೆ ಇಟ್ಟ ಹಾಗೆ. ವಾಕಾಟಕರ ಬಹಳಷ್ಟು ತಾಮ್ರಪಟಗಳಲ್ಲೂ ಇದೇ ಪೆಟ್ಟಿಗೆತಲೆ ಅಕ್ಷರ. ಅಜಂತಾ ತನಕ ಹೋಗಿ ಬಂದೋರು, ಮುಂದಿನ ರಜೆಗೆ ಮಕ್ಕಳನ್ನ ತಾಳಗುಂದಕ್ಕೆ ಕರ್ಕೊಂಡು ಹೋಗಿ ಆ ಚೌಕಗಳನ್ನ ತೋರಿಸಿ.