ನಿಮ್ಮ ಬಲೂನ್ ಪ್ರಯೋಗ ಸೋತಿಲ್ಲ

ನಮಸ್ಕಾರ,

ಕಿಣ್ವದ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಎನ್‌ಜೈಮ್‌ನ, ಪ್ರಮಾಣ ಹೆಚ್ಚಿದರೆ ಕ್ರಿಯೆಯ ವೇಗ ಏನಾಗುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೊನೆಯ ಪುಟದಲ್ಲಿ ನಿಮ್ಮದೇ ಪ್ರಯೋಗವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಎರಡು ಬಾಟಲಿಗೆ ಒಂದೇ ಅಳತೆಯ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಒಂದಕ್ಕೆ ಒಂದು ಚಮಚ, ಇನ್ನೊಂದಕ್ಕೆ ಎರಡು ಚಮಚ ಹಸಿ ಆಲೂಗಡ್ಡೆ ರಸ ಸೇರಿಸಿ, ಬಾಯಿಗೆ ಬಲೂನ್ ಸಿಕ್ಕಿಸಿದಿರಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಎರಡೂ ಬಲೂನ್ ಒಂದೇ ಗಾತ್ರ. ‘ಪ್ರಯೋಗ ವಿಫಲವಾಯಿತು’ ಅಂದಿದ್ದೀರಿ. ಇಲ್ಲ, ಇಡೀ ಲೇಖನದಲ್ಲಿ ಜೀವ ಇರುವುದೇ ಅಲ್ಲಿ! ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಪೆರಾಕ್ಸೈಡ್ ಅಷ್ಟೇ ಇದ್ದಮೇಲೆ ಬರುವ ಆಮ್ಲಜನಕವೂ ಅಷ್ಟೇ, ಅಲ್ವಾ? ಕಿಣ್ವ ಜಾಸ್ತಿ ಹಾಕಿದರೆ ಅದು ಬೇಗ ಬರುತ್ತದೆ, ಜಾಸ್ತಿ ಬರುವುದಿಲ್ಲ. ನೀವು ನೋಡಬೇಕಿದ್ದದ್ದು ಶುರುವಿನ ಕೆಲವು ಕ್ಷಣಗಳನ್ನು.

‘ಕಿಣ್ವ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ’ ಎಂಬ ನಿಮ್ಮ ಮೊದಲ ವಾಕ್ಯ ಅರ್ಧ ಮಾತ್ರ ನಿಜ. ಅಡಿಕೆ ಸುಲಿಯುವುದನ್ನು ನೆನಪಿಸಿಕೊಳ್ಳಿ. ರಾಶಿ ದೊಡ್ಡದಿದ್ದಾಗ ಹತ್ತು ಜನರ ಬದಲು ಇಪ್ಪತ್ತು ಜನ ಕೂತರೆ ಕೆಲಸ ಎರಡು ಪಟ್ಟು ವೇಗ. ಇರುವುದು ಒಂದೇ ಬುಟ್ಟಿಯಾದರೆ ಅರ್ಧ ಜನ ಸುಮ್ನೆ ಕೂರಬೇಕು. ಕಿಣ್ವದ್ದೂ ಹಾಗೇ. ಒಡೆಯಲು ವಸ್ತು ಧಾರಾಳವಾಗಿರುವವರೆಗೆ ಮಾತ್ರ ಕಿಣ್ವದ ಪ್ರಮಾಣಕ್ಕೆ ವೇಗ ಎಷ್ಟೆಂದು ತೋರಿಸುವ ನಿಮ್ಮ ಗ್ರಾಫ್ ನೇರ ಗೆರೆ. ಆ ಷರತ್ತನ್ನು ಬರೆಯಲೇಬೇಕು.

ಹೆಪ್ಪು ಜಾಸ್ತಿ ಹಾಕಿದಷ್ಟೂ ಬೇಗ ಮೊಸರಾಗುತ್ತದೆ ಎಂಬ ನಿಮ್ಮ ಉದಾಹರಣೆ ತೆಗೆದುಬಿಡಿ. ಹೆಪ್ಪಿನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಹಾಲಿನಲ್ಲಿ ಅವುಗಳ ಸಂಖ್ಯೆಯೇ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಎರಡು ಪಟ್ಟು ಹೆಪ್ಪು ಹಾಕಿದರೆ ಅರ್ಧ ಸಮಯದಲ್ಲಿ ಮೊಸರಾಗುವುದಿಲ್ಲ. ಚೀಸ್ ಮಾಡುವವರು ಬಳಸುವ ರೆನೆಟ್ ಆದರೆ ಸರಿ. ಅದರಲ್ಲಿ ಕೆಲಸ ಮಾಡುವುದು ಕಿಣ್ವವೇ. ಅದನ್ನು ಎರಡು ಪಟ್ಟು ಹಾಕಿದರೆ ಹಾಲು ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಒಡೆಯುವ ವಸ್ತು ಎಷ್ಟಿದ್ದರೆ ಕಿಣ್ವದ ವೇಗ ಎಷ್ಟು ಎಂದು ಹೇಳುವ, ವಿಜ್ಞಾನಿಗಳಾದ ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ ಸಮೀಕರಣ ಎರಡನೇ ಪ್ಯಾರಾದಲ್ಲೇ ಬೇಡ, ಓದುವವರು ಅಲ್ಲೇ ಪುಟ ತಿರುಗಿಸುತ್ತಾರೆ. ಬಲೂನ್ ಆದಮೇಲೆ ಬರಲಿ.

ಪ್ರಯೋಗ ಇನ್ನೊಮ್ಮೆ ಮಾಡಿ. ಒಂದು ಚಮಚ ರಸದ ಬಾಟಲಿಗೆ ಒಂದು ಚಮಚ ನೀರನ್ನೂ ಸೇರಿಸಿ, ಆಗ ಎರಡರಲ್ಲೂ ಒಟ್ಟು ಅಳತೆ ಒಂದೇ ಆಗುತ್ತದೆ. ಎದುರಿಗೆ ಮೊಬೈಲ್ ಇಟ್ಟು ವಿಡಿಯೊ ಮಾಡಿ. ಯಾವ ಬಲೂನ್ ಎಷ್ಟು ಸೆಕೆಂಡಿಗೆ ನೆಟ್ಟಗೆ ನಿಂತಿತು ಎಂದು ಬರೆದುಕೊಳ್ಳಿ. ಆ ಅಂಕಿಗಳಿಂದಲೇ ಲೇಖನ ಶುರು ಮಾಡಿ, ನನಗೆ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ