ಚೌಬಾರಾದಿಂದ ಗಿರಣಿಗೆ, ಗಿರಣಿಯಿಂದ ಒಲೆಗೆ: ಓದುಗರ ಪ್ರಶ್ನೆಗೆ ಬೀದರಿನಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಮಾತು: ಬೀದರಿನ ಹಳೇ ಊರು ನೋಡಬೇಕು, ಹಾಗೇ ಇಲ್ಲಿನ ಅಡುಗೆಯನ್ನೂ ಕಲಿಯಬೇಕು. ಊರಿನವಳಾಗಿ ಖುಷಿಯೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನವೆಂಬರಿನಲ್ಲಿ ಕಲಬುರಗಿಯಲ್ಲಿ ನೆಂಟರ ಮದುವೆ ಇದೆ. ಮುಗಿಸಿಕೊಂಡು ಒಂದು ದಿನ ಬೀದರಿಗೆ ಬರುವ ಯೋಚನೆ. ಬೆಳಿಗ್ಗೆ ಕೋಟೆ, ಮದರಸಾ, ಗುರುದ್ವಾರ, ಅಷ್ಟೂರಿನ ಗೋರಿಗಳು. ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಬಿರಿಯಾನಿ ಕಲಿಯಬೇಕು. ಎಲ್ಲ ಒಂದೇ ದಿನದಲ್ಲಿ ಆಗುತ್ತದೆಯೇ? — ದಂಪತಿ, ಮೈಸೂರು

ಆಗುವುದಿಲ್ಲ. ಆಗುತ್ತದೆ ಎಂದು ಹೇಳುವವರಿಗೆ ದುಡ್ಡು ಕೊಡಬೇಡಿ. ನಾಲ್ಕು ಅಡುಗೆ ಕಲಿಸುತ್ತೇನೆ ಎನ್ನುವವರ ಮನೆಯಲ್ಲಿ ನೀವು ಕುರ್ಚಿ ಮೇಲೆ ಕೂತು ನೋಡುತ್ತೀರಿ, ಫೋಟೊ ಹೊಡೆದುಕೊಳ್ಳುತ್ತೀರಿ, ಉಂಡು ಬರುತ್ತೀರಿ. ಅದು ಊಟವಾಯಿತೇ ಹೊರತು ಕಲಿಕೆ ಆಗಲಿಲ್ಲ. ನನ್ನ ಲೆಕ್ಕ ಇಷ್ಟೇ: ಒಂದು ದಿನಕ್ಕೆ ಒಂದು ಓಣಿ, ಒಂದು ಅಡುಗೆ. ಓಣಿ ಎಂದರೆ ಚೌಬಾರಾದಿಂದ ಮದರಸಾ ದಾಟಿ ಕೋಟೆಗೆ ಹೋಗುವ ದಾರಿ. ಅಡುಗೆ ಎಂದರೆ ರೊಟ್ಟಿ. ಗುರುದ್ವಾರ ಮತ್ತು ಅಷ್ಟೂರನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳಿ, ಇಲ್ಲವಾದರೆ ಬಿಟ್ಟೇಬಿಡಿ.

ಕಲಬುರಗಿಯಿಂದ ರೈಲು ಮಾರ್ಗ 2017ರಲ್ಲಿ ಶುರುವಾಗಿದೆ, ಆದರೆ ನಿಮ್ಮ ಹೊತ್ತಿಗೆ ಗಾಡಿ ಇದೆಯೋ ನೋಡಿಕೊಳ್ಳಿ. ರಸ್ತೆಯಲ್ಲಿ ಬಂದರೆ ಕಮಲಾಪುರ ಸಿಗುತ್ತದೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಒಂದು ಚಿಪ್ಪು ಹಿಡಿದುಕೊಂಡು ಬನ್ನಿ. ಕಲಿಸುವ ಮನೆಗೆ ಬರಿಗೈಯಲ್ಲಿ ಹೋಗಬಾರದು.

ಹಿಂದಿನ ರಾತ್ರಿಯೇ ಬಂದು ಉಳಿದು, ಬೆಳಿಗ್ಗೆ ಏಳಕ್ಕೆ ಚೌಬಾರಾದ ಕೆಳಗೆ ನಿಲ್ಲಿ. ನಾಲ್ಕು ದಾರಿ ಕೂಡುವ ಕಡೆ ನಿಂತ ದುಂಡನೆಯ ಕಾವಲು ಗೋಪುರ ಅದು. ಈಗ ನೆತ್ತಿಯ ಮೇಲೆ ನಾಲ್ಕೂ ದಿಕ್ಕಿಗೆ ಗಡಿಯಾರ. ಅಲ್ಲಿಂದ ಉತ್ತರಕ್ಕೆ ನಡೆದರೆ ತಖ್ತ್-ಎ-ಕಿರ್ಮಾನಿ ಎಂಬ ಬಾಗಿಲ ಕಟ್ಟಡ. ಅದರ ಗಚ್ಚುಗಾರೆಯ ಕೆತ್ತನೆಯನ್ನು ನೋಡದೆ ಜನ ಸ್ಕೂಟರಿನಲ್ಲಿ ಸರ್ರನೆ ಹೋಗಿಬಿಡುತ್ತಾರೆ. ಇದೇ ದಾರಿಯಲ್ಲಿ ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ, ಮೂರು ಅಂತಸ್ತು. ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ವಸತಿ ಎಲ್ಲ ಒಂದೇ ಸೂರಿನಡಿ. ಕಟ್ಟಿಸಿದವನನ್ನು ಒಂಬತ್ತು ವರ್ಷಕ್ಕೆ, 1481ರಲ್ಲಿ, ಸುಲ್ತಾನನೇ ಕೊಲ್ಲಿಸಿದ. ಔರಂಗಜೇಬನ ಕಾಲಕ್ಕೆ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು, ಒಂದು ಮಿನಾರು ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಇವೆ. ಬೆಳಗಿನ ಬಿಸಿಲು ಬಿದ್ದಾಗ ನೋಡಿ, ಮಧ್ಯಾಹ್ನ ಕಣ್ಣಿಗೆ ಬರೀ ಬಿಳುಪು ಹೊಡೆಯುತ್ತದೆ.

ಆಮೇಲೆ ಕೋಟೆಗೆ ಹೋಗಬೇಡಿ, ಹಿಂದಕ್ಕೆ ತಿರುಗಿ. ಇದನ್ನು ಯಾವ ಪ್ರವಾಸದ ಪಟ್ಟಿಯೂ ಹೇಳುವುದಿಲ್ಲ: ಗಿರಣಿಗೆ ಹೋಗಿ. ಬಿಳಿಜೋಳ ಎರಡು ಕಿಲೋ ಕೊಂಡು, ಹಸನು ಮಾಡಿಸಿ, ಪಾಳಿ ಹಚ್ಚಿ ಬೀಸಿಸಿ. ಪಾಳಿಯಲ್ಲಿ ನಿಂತ ಹೆಂಗಸರು ನಿಮಗಿಂತ ಮುಂಚೆ ಯಾವ ಕಾಳು ಬಿತ್ತೆಂದು ನೋಡಿ ಹೇಳುತ್ತಾರೆ. ಗೋಧಿ ಬೀಸಿದ ಬೆನ್ನಿಗೆ ಜೋಳ ಹಾಕಿಸಬೇಡಿ ಎಂದು ಅವರೇ ತಡೆಯುತ್ತಾರೆ. ಅಲ್ಲಿ ನಿಂತ ಅರ್ಧ ತಾಸಿನಲ್ಲಿ ಹಳೇ ಊರಿನ ಬಗ್ಗೆ ನಿಮಗೆ ಸಿಗುವ ಸುದ್ದಿ ಗೈಡಿನ ಹತ್ತಿರ ಇರುವುದಿಲ್ಲ. ಬಿಸಿ ಹಿಟ್ಟಿನ ಚೀಲದ ಬಾಯಿ ಕಟ್ಟಬೇಡಿ, ಬೆವರಿ ಮುದ್ದೆಯಾಗುತ್ತದೆ.

ಹತ್ತೂವರೆಗೆ ಅಡುಗೆಮನೆ. ರೊಟ್ಟಿಯ ಜೊತೆಗೆ ಪುಂಡಿಪಲ್ಲೆ ಇರಲಿ. ಪುಂಡಿಸೊಪ್ಪು, ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸು ಬೇಯಿಸಿ, ಕಡೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಅದು ತನ್ನ ಪಾಡಿಗೆ ಬೇಯುತ್ತದೆ, ನಿಮ್ಮ ಎರಡೂ ಕೈ ರೊಟ್ಟಿಗೆ ಸಿಗುತ್ತವೆ. ಒಂದು ಗಂಟೆಗೆ ಊಟ, ಆಮೇಲೆ ಒಂದು ನಿದ್ದೆ. ನಿದ್ದೆ ಬೇಡ ಎನ್ನುವವರು ಬಿಸಿರೊಟ್ಟಿ ಉಂಡವರಲ್ಲ.

ಮೂರೂವರೆಗೆ ಕೋಟೆ. ಮೂರು ಸಾಲು ಕಂದಕವನ್ನು ಬಂಡೆಯಲ್ಲೇ ಕೊರೆದಿದ್ದಾರೆ, ಹೊರಗಿನಿಂದ ಒಂದು ಸುತ್ತು ನೋಡಿ. ರಂಗೀನ್ ಮಹಲಿಗೆ ಬೀಗ ಹಾಕಿರುವುದುಂಟು, ಸಿಬ್ಬಂದಿಯನ್ನು ಕೇಳಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಒಳಗಿದೆ. ಅದರ ಆಸುಪಾಸಿನಲ್ಲೇ ಶಾಹಿ ಮತ್ಬಖ್ ಎಂದು ಕರೆಯುವ ಕಟ್ಟಡ, ಎಂದರೆ ಅರಮನೆಯ ಅಡುಗೆಮನೆ. ಬೆಳಿಗ್ಗೆಯೇ ಅಲ್ಲಿ ಹೋಗಿದ್ದರೆ ನಾಲ್ಕು ಗೋಡೆ ನೋಡಿ ಬರುತ್ತಿದ್ದಿರಿ. ಹೊಗೆ ಕುಡಿದು, ಬೆರಳು ಸುಟ್ಟುಕೊಂಡು ಹೋದವರು ಗಾಳಿ ಎಲ್ಲಿಂದ ಬರುತ್ತಿತ್ತು, ನೀರು ಎಷ್ಟು ದೂರ ಎಂದು ತಾವೇ ಹುಡುಕಲು ಶುರು ಮಾಡುತ್ತಾರೆ. ನಡಿಗೆ ಮತ್ತು ಅಡುಗೆ ಒಂದೇ ದಿನ ಏಕೆ ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಪ್ರಶ್ನೆ: "ಬಹಮನಿ ಕಾಲದ ಅಡುಗೆ ಕಲಿಸುತ್ತೇವೆ, ಕೆಂಪು ಖಾರದ ಎಣ್ಣೆಗಾಯಿ ಸಹಿತ" ಎಂಬ ಜಾಹೀರಾತು ನೋಡಿದೆ. ನಂಬಬಹುದೇ? — ಓದುಗರು, ಯಾದಗಿರಿ

ಎಣ್ಣೆಗಾಯಿಯನ್ನು ನಂಬಿ, ಬಹಮನಿಯನ್ನು ಬಿಡಿ. ಬಹಮನಿ ರಾಜ್ಯ ಕಲಬುರಗಿಯಲ್ಲಿ ಶುರುವಾದದ್ದು 1347ರಲ್ಲಿ. ಆಮೇಲೆ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ತಂದ. ಪೋರ್ಚುಗೀಸರು ಈ ದೇಶಕ್ಕೆ ಬಂದದ್ದು 1498ರಲ್ಲಿ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ ಎಲ್ಲ ಅಮೆರಿಕದಿಂದ ಅವರ ಹಡಗಿನ ಹಿಂದೆ ಬಂದ ಪದಾರ್ಥಗಳು. ಮದರಸಾಕ್ಕೆ ನೀಲಿ ಹೆಂಚು ಹಚ್ಚುತ್ತಿದ್ದ ಕಾಲಕ್ಕೆ ಬೀದರಿನಲ್ಲಿ ಯಾರೂ ಮೆಣಸಿನಕಾಯಿ ಕಂಡಿರಲಿಲ್ಲ. ಖಾರ ಬೇಕೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ.

ಹಾಗಾದರೆ ಇಂದಿನ ತಾಟಿನಲ್ಲಿ ಹಳೆಯದು ಯಾವುದು? ಜೋಳ, ತೊಗರಿ, ಬದನೆ, ಎಳ್ಳು, ಅಗಸಿ, ಬೆಳ್ಳುಳ್ಳಿ, ಮಜ್ಜಿಗೆ. ಅಗಸಿ ಹಿಂಡಿಯಿಂದ, ಎಂದರೆ ಅಗಸಿಯ ಚಟ್ನಿಪುಡಿಯಿಂದ, ಒಣಮೆಣಸಿನಕಾಯಿ ತೆಗೆದು ಕರಿಮೆಣಸು ಹಾಕಿ ಒಮ್ಮೆ ಕುಟ್ಟಿ ನೋಡಿ, ರೊಟ್ಟಿಗೆ ಚೆನ್ನಾಗಿಯೇ ಹೊಂದುತ್ತದೆ. ಜಾಹೀರಾತಿನವರು ಅದನ್ನು ಕಲಿಸಿದರೆ ನಾನೂ ಹೆಸರು ಹಚ್ಚುತ್ತೇನೆ. ಮತ್ಬಖಿನಲ್ಲಿ ಸುಲ್ತಾನನಿಗೆ ಏನು ಬೇಯುತ್ತಿತ್ತೆಂದು ಮಸಾಲೆ ಸಮೇತ ಹೇಳುವ ಗೈಡುಗಳೂ ಇದ್ದಾರೆ. ಕತೆ ಚೆನ್ನಾಗಿರುತ್ತದೆ, ಕೇಳಿ ನಕ್ಕು ಮುಂದೆ ನಡೆಯಿರಿ.

ಪ್ರಶ್ನೆ: ಬೀದರಿಗೆ ಬಂದಾಗ ಒಂದು ಮನೆಯಲ್ಲಿ ರೊಟ್ಟಿ ಕಲಿತೆ. ಅಲ್ಲಿ ಚೆನ್ನಾಗಿ ಬಂತು. ಬೆಂಗಳೂರಿಗೆ ಬಂದು ಪ್ಯಾಕೆಟ್ ಹಿಟ್ಟಿನಲ್ಲಿ ಮಾಡಿದರೆ ಅಂಚೆಲ್ಲ ಬಿರುಕು, ಎತ್ತುವಾಗ ಎರಡು ಹೋಳು. ಎಲ್ಲಿ ತಪ್ಪುತ್ತಿದೆ? — ಗೃಹಿಣಿ, ಬೆಂಗಳೂರು

ಹಿಟ್ಟಿನಲ್ಲಿ, ಆಮೇಲೆ ಎಸರಿನಲ್ಲಿ. ಕೈ ಮೂರನೆಯದು.

ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಜೋಳದ ಹಿಟ್ಟು ಕೂಡಿಕೊಳ್ಳುವುದು ಕುದಿಯುವ ನೀರಿಗೆ ಅದರ ಪಿಷ್ಟ ಬೆಂದು ಜಿಗಿ ಬಿಟ್ಟಾಗ ಮಾತ್ರ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ, ಕಹಿ ಹೆಚ್ಚು. ಪ್ಯಾಕೆಟ್ ಯಾವ ತಿಂಗಳು ಬೀಸಿದ್ದೆಂದು ನೋಡಿ. ಆಗುವುದಾದರೆ ಹಿಂಗಾರಿನ ಬಿಳಿಜೋಳ ಕೊಂಡು ಹತ್ತು-ಹದಿನೈದು ದಿನಕ್ಕೆ ಸಾಲುವಷ್ಟೇ ಬೀಸಿಸಿ. ಮಾಲ್ದಂಡಿ ತಳಿಯ ಜೋಳ ಸಿಕ್ಕರೆ ಬಿಡಬೇಡಿ.

ಎಸರು ಎಂದರೆ ಬಿಸಿನೀರಲ್ಲ, ಕೊತಕೊತ ಕುದಿಯುವ ನೀರು. ಇದರಲ್ಲಿ ನಮ್ಮ ವೈನಿ (ಅತ್ತಿಗೆ) ಬಲು ಕಟ್ಟುನಿಟ್ಟು. ಕಲಿಯಲು ಬಂದ ಹುಡುಗಿಯೊಬ್ಬಳು ಕೈ ಸುಡುತ್ತದೆಂದು ಎಸರು ಆರಿಸುತ್ತಾ ಕೂತಿದ್ದಕ್ಕೆ, "ಎಸರ ಆರದ್ರ ಹಿಟ್ಟಿಗೆ ಏನ್ ತಿಳೀತದ? ಹಾಕವ್ವ, ಕಟಗಿಲೆ ತಿರುವು" ಎಂದು ಗದರಿಸಿದ್ದರು. ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿದು ಕಟ್ಟಿಗೆಯ ಸೌಟಿನಿಂದ ತಿರುವಿ, ಮುಚ್ಚಿ, ಕೈ ತಾಳುವಷ್ಟು ಆದಾಗ ತಣ್ಣೀರು ಚಿಮುಕಿಸಿ ನಾದಿ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ ಎಳೆಯಬೇಕು, ಬೆರಳಿನಿಂದ ಹಿಸುಕಬಾರದು. ನಾದಿದ ಹಿಟ್ಟನ್ನು ಇಟ್ಟುಕೊಂಡು ಕೂರಬೇಡಿ. ಒಂದೊಂದು ಉಂಡೆಗೂ ಬಡಿಯುವ ಮುಂಚೆ ಮತ್ತೊಮ್ಮೆ ನಾದು ಬೇಕು.

ಇನ್ನು ಬಡಿಯುವುದು. ಹೊಸಬರು ಎಲ್ಲರೂ ನಡುವೆ ಬಡಿಯುತ್ತಾರೆ. ನಡು ತೆಳ್ಳಗಾಗಿ ಹರಿಯುತ್ತದೆ, ಅಂಚು ದಪ್ಪ ಉಳಿದು ಸೀಳುತ್ತದೆ. ಬಲಗೈ ಅಂಚಿನ ಒಳಮಗ್ಗುಲಿಗೆ ಬೀಳಬೇಕು. ಎಡಗೈಯ ಕಿರುಬೆರಳ ಬದಿ ಅಂಚಿಗೆ ಒತ್ತಿಕೊಂಡು ರೊಟ್ಟಿಯನ್ನು ಸುತ್ತಿಸುತ್ತಿರಬೇಕು. ವೈನಿಯ ಎಡಗೈ ನೋಡುತ್ತಾ ಕೂತರೆ ಗೊತ್ತಾಗುತ್ತದೆ, ಕೆಲಸವೆಲ್ಲ ಅದರದೇ. ಸದ್ದು ಮಾಡುವುದಷ್ಟೇ ಬಲಗೈ. ಅಡಿಗೆ ಒಣಹಿಟ್ಟು ಸಾಕಷ್ಟಿರಲಿ. ಹಂಚಿಗೆ ಹಾಕುವಾಗ ಒಣಹಿಟ್ಟಿನ ಮಗ್ಗುಲು ಮೇಲಕ್ಕೆ ಬರಬೇಕು. ಒದ್ದೆ ಬಟ್ಟೆಯಿಂದ ಅದರ ಮೇಲೆ ಪೂರ್ತಿ ನೀರು ಸವರಿ, ಆ ನೀರು ಆರುತ್ತಿದ್ದಂತೆಯೇ ತಿರುವಿ. ತಡಮಾಡಿದರೆ ಅಲ್ಲೇ ಬಿರಿಯುತ್ತದೆ, ಉಬ್ಬುವುದಿಲ್ಲ.

ಇಷ್ಟಾದರೂ ಬರದಿದ್ದರೆ ಕಡಕ್ ರೊಟ್ಟಿ ತರಿಸಿಕೊಳ್ಳಿ, ನಾಚಿಕೆಯೇನಿಲ್ಲ. ಕಲಬುರಗಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲೇ ಮಾರುತ್ತಾರೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ಆಗ ಬಂದರೆ ಎಳ್ಳಮಾವಾಸ್ಯೆಯ ಭಜ್ಜಿ ಮಾಡುವುದನ್ನು ಕಲಿಸುವವರು ಸಿಗುತ್ತಾರೆಯೇ? — ಶಿಕ್ಷಕಿ, ದಾವಣಗೆರೆ

ಕಲಿಸುವವರು ಸಿಗಬಹುದು, ಭಜ್ಜಿ ಸಿಗುವುದಿಲ್ಲ. ಎಣ್ಣೆಯಲ್ಲಿ ಕರಿದ ಭಜಿ ಎಂದುಕೊಂಡವರಿಗೆ ಒಂದು ಮಾತು: ಇದು ಹೊಲದಲ್ಲಿ ಚರಗ, ಎಂದರೆ ಭೂಮಿತಾಯಿಗೆ ನೈವೇದ್ಯ, ಚೆಲ್ಲುವ ದಿನದ ಪಲ್ಲೆ. ಹಸಿ ತೊಗರಿಕಾಳು, ಹಸಿಕಡಲೆ, ಅವರೆ, ಬಟಾಣಿ, ಮೆಂತ್ಯೆ, ಪಾಲಕ, ಹುಣಚಿಕ್ಕು, ಗಜ್ಜರಿ, ಬದನೆ, ಇನ್ನೂ ಏನೇನು ಕೈಗೆ ಸಿಗುತ್ತದೋ ಅದೆಲ್ಲ ಕೂಡಿಸಿ ಕಡಲೆಹಿಟ್ಟು, ಮಜ್ಜಿಗೆ ಹಾಕಿ ಕುದಿಸುತ್ತಾರೆ. ಜೊತೆಗೆ ಸಜ್ಜೆರೊಟ್ಟಿ, ಕಡುಬು, ಅಂಬಲಿ. ಹಸಿ ತೊಗರಿ ಗಿಡದಲ್ಲಿ ಇರುವುದು ಡಿಸೆಂಬರ್-ಜನವರಿಯಲ್ಲಿ. ಮೇ ತಿಂಗಳಲ್ಲಿ ಫ್ರಿಜ್ಜಿನ ಬಟಾಣಿ ಹಾಕಿ ಮಾಡಿದ್ದನ್ನು ಭಜ್ಜಿ ಎಂದರೆ ನಮ್ಮ ಹೊಲದವರು ಒಪ್ಪುವುದಿಲ್ಲ.

ಮೇನಲ್ಲಿ ಬರುವುದಾದರೆ ಮಾಳಿಗೆ ಹತ್ತಿ. ಶಾವಿಗೆ, ಹಪ್ಪಳ, ಸಂಡಿಗೆ, ಕುರುಡಗಿ ಹಾಕುವ ಕಾಲ ಅದೇ. ಮಕ್ಕಳಿಗೆ ರೊಟ್ಟಿಗಿಂತ ಅದೇ ಒಳ್ಳೆಯದು, ಒಲೆಯ ಹತ್ತಿರ ಹೋಗಬೇಕಾಗಿಲ್ಲ, ಹಸಿ ಹಿಟ್ಟು ತಿನ್ನಲೂ ಸಿಗುತ್ತದೆ. ಹಿಂದಿನ ದಿನ ನೆನೆಹಾಕಿದ್ದು ಬೆಳಿಗ್ಗೆ ಒತ್ತಲು ತಯಾರಿರುತ್ತದೆ, ಆರರಿಂದ ಒಂಬತ್ತರೊಳಗೆ ಮುಗಿಸಿಬಿಡಿ. ಊರು ನೋಡುವುದು ಸಂಜೆ ಐದರ ಮೇಲೆ. ಬೀದರು ಎತ್ತರದಲ್ಲಿದೆ, ಕಲಬುರಗಿಗಿಂತ ತಂಪು ಎಂದು ನಾವು ಜಂಬ ಕೊಚ್ಚುತ್ತೇವೆ. ಮೇ ಮಧ್ಯಾಹ್ನ ಕೆಂಪುಕಲ್ಲಿನ ಮೇಲೆ ನಿಂತವರ ಮುಂದೆ ಆ ಮಾತು ನಡೆಯುವುದಿಲ್ಲ.

ಪ್ರಶ್ನೆ: ಬಿದರಿ ಬಟ್ಟಲು ಕೊಂಡರೆ ಅದರಲ್ಲಿ ಪಲ್ಲೆ ಬಡಿಸಬಹುದೇ? — ಓದುಗರು, ಹುಬ್ಬಳ್ಳಿ

ಬೇಡ. ಅದು ಸತು, ಜೊತೆಗೆ ಸ್ವಲ್ಪ ತಾಮ್ರ, ಮೇಲೆ ಬೆಳ್ಳಿಯ ಕುಸುರಿ. ಕಪ್ಪು ಬಣ್ಣ ಬರಿಸುವುದು ಕೋಟೆಯ ಹಳೆ ಮಣ್ಣು ಮತ್ತು ನವಸಾಗರದಿಂದ. ಹುಳಿ ತಾಗಿದರೆ ಲೋಹವೂ ಹಾಳು, ಊಟವೂ ಹಾಳು. ಪುಂಡಿಪಲ್ಲೆಯಂತೂ ಹುಳಿಯ ಮೂಟೆ. ಕಪಾಟಿನಲ್ಲಿ ಇಡಿ.

ಪ್ರಶ್ನೆ: ನಮ್ಮ ಮನೆ ಚೌಬಾರಾದ ಹತ್ತಿರವೇ ಇದೆ. ಬಂದವರನ್ನು ಓಣಿ ಸುತ್ತಿಸಿ ಮನೆಯಲ್ಲಿ ರೊಟ್ಟಿ ಕಲಿಸುವ ಕೆಲಸ ಶುರು ಮಾಡಬೇಕೆಂದಿದ್ದೇನೆ. ಮನೆಯವರು ನಗುತ್ತಾರೆ. ಏನೇನು ನೋಡಿಕೊಳ್ಳಬೇಕು? — ಗೃಹಿಣಿ, ಬೀದರ

ನಗಲಿ ಬಿಡಿ, ಮೊದಲ ತಿಂಗಳ ದುಡ್ಡು ಬಂದ ಮೇಲೆ ಅವರೇ ಹಿಟ್ಟು ಬೀಸಿಸಿಕೊಂಡು ಬರುತ್ತಾರೆ.

ಒಂದು ಸಲಕ್ಕೆ ನಾಲ್ಕು ಜನರಿಗಿಂತ ಹೆಚ್ಚು ಬೇಡ. ಇಬ್ಬರಿಗೆ ಒಂದು ಹಂಚು ಇರಬೇಕು, ಇಲ್ಲವಾದರೆ ಅರ್ಧ ಜನ ಮೊಬೈಲ್ ನೋಡುತ್ತಾ ನಿಲ್ಲುತ್ತಾರೆ. ದುಡ್ಡು ತೆಗೆದುಕೊಂಡು ಊಟ ಹಾಕುವುದರಿಂದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು. ಸಣ್ಣ ವಹಿವಾಟಿಗೆ ಅದು ಸರಳ, ಆನ್‌ಲೈನಿನಲ್ಲೇ ಆಗುತ್ತದೆ. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ವಾಣಿಜ್ಯ ಸಿಲಿಂಡರ್ ಬೇರೆ ತೆಗೆದುಕೊಳ್ಳಿ. ಮದರಸಾ, ಕೋಟೆಯ ಒಳಗೆ ವಿವರಣೆ ಕೊಡುವ ಕೆಲಸ ಪರವಾನಗಿ ಇರುವ ಗೈಡಿಗೆ ಬಿಟ್ಟು ಅವರಿಗೆ ಅವರ ಪಾಲು ಕೊಡಿ. ಓಣಿ, ಗಿರಣಿ, ಸೊಪ್ಪಿನ ಅಂಗಡಿ ನಿಮ್ಮದು. ಗಿರಣಿಯವರಿಗೆ ಮೊದಲೇ ಹೇಳಿಡಿ. ಪಾಳಿಯಲ್ಲಿ ನಿಂತ ಹೆಂಗಸರ ಫೋಟೊವನ್ನು ಕೇಳದೆ ಯಾರೂ ತೆಗೆಯಬಾರದು ಎಂದು ಬಂದವರಿಗೆ ಬಾಗಿಲಲ್ಲೇ ಹೇಳಿ. ಈ ಒಂದು ವಿಷಯಕ್ಕೆ ಓಣಿ ನಿಮ್ಮ ಮೇಲೆ ತಿರುಗಿಬಿದ್ದರೆ ಮತ್ತೆ ಸರಿಮಾಡುವುದು ಕಷ್ಟ.

ದರ ನೀವೇ ಗೊತ್ತುಮಾಡಿಕೊಳ್ಳಿ, ಆದರೆ ನೆಂಟರೆಂದು, ನೆಂಟರ ಸ್ನೇಹಿತರೆಂದು ಪುಕ್ಕಟೆ ಕಲಿಸಲು ಹೋಗಬೇಡಿ. ಮೈಸೂರಿನ ದಂಪತಿಯ ಪತ್ರ ಮೇಲೆಯೇ ಇದೆ. ನವೆಂಬರಿನೊಳಗೆ ನೋಂದಣಿ ಆಗಿದ್ದರೆ ಪತ್ರಿಕೆಯ ವಿಳಾಸಕ್ಕೆ ತಿಳಿಸಿ, ಅವರಿಗೆ ನಿಮ್ಮ ಮನೆಯನ್ನೇ ಹೇಳುತ್ತೇನೆ.